ಸೂರ್ಯ ತಣ್ಣಗಾದಾಗ ಹ್ಯಾಮ್ ರೇಡಿಯೊ: ಯಾವುದು ಮೊದಲು, ಯಾವುದು ಆಮೇಲೆ

"ಸಾರ್, ಸೆಟ್ ಹೋಗಿದೆ ಅನ್ಸುತ್ತೆ. ಹತ್ತು ಮೀಟರ್‌ನಲ್ಲಿ ಏನೂ ಕೇಳಿಸ್ತಿಲ್ಲ."

ಹತ್ತು ಮೀಟರ್ ಅಂದರೆ ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕೆಂದು ಲೈಸೆನ್ಸ್ ಪಡೆದು ರೇಡಿಯೊದಲ್ಲಿ ಮಾತಾಡುವವರು, ಬಳಸುವ ಒಂದು ಬ್ಯಾಂಡ್. ಅಲೆಯ ಉದ್ದದಿಂದ ಅದಕ್ಕೆ ಆ ಹೆಸರು; ಮೀಟರ್ ಅಂಕಿ ದೊಡ್ಡದಾದಷ್ಟೂ ಫ್ರೀಕ್ವೆನ್ಸಿ ಕೆಳಗೆ. ಇಂಥ ಫೋನ್ ಬಂದಾಗಲೆಲ್ಲ ನಾನು ಮೊದಲು ಕೇಳುವ ಪ್ರಶ್ನೆ, ಲೈಸೆನ್ಸ್ ಯಾವಾಗ ಬಂತು ಅಂತ. ಉತ್ತರ ಹೆಚ್ಚುಕಡಿಮೆ 2022ರಿಂದ 2024ರ ನಡುವೆಯೇ ಇರುತ್ತದೆ. ಇವರೆಲ್ಲ ಸೂರ್ಯ ಉಕ್ಕಿ ನಿಂತಿದ್ದ ಕಾಲದಲ್ಲಿ ಶುರು ಮಾಡಿದವರು. ಬಾಲ್ಕನಿಯಲ್ಲಿ ಒಂದು ತಂತಿ ಕಟ್ಟಿ 5 ವಾಟ್‌ನಲ್ಲಿ ಕರೆದರೂ ಜಪಾನ್‌ನಿಂದಲೋ ಇಟಲಿಯಿಂದಲೋ ಯಾರಾದರೂ ಉತ್ತರ ಕೊಡುತ್ತಿದ್ದರು. ರೇಡಿಯೊ ಅಂದರೆ ಇಷ್ಟು ಸುಲಭ ಎಂದು ಅವರಿಗೆ ಅನ್ನಿಸಿದ್ದರೆ ಅದು ಅವರ ತಪ್ಪಲ್ಲ.

ಸೂರ್ಯನ ಕಲೆಗಳು ಏರಿ ಇಳಿಯುವ ಸೂರ್ಯಚಕ್ರ ಸುಮಾರು 11 ವರ್ಷದ್ದು. ಈಗ ನಡೆಯುತ್ತಿರುವ 25ನೇ ಚಕ್ರ 2024ರ ಕೊನೆಯ ಹೊತ್ತಿಗೆ ತುದಿ ಮುಟ್ಟಿ ಇಳಿಮುಖವಾಗಿದೆ. ತಳ ಬರುವುದು 2030ರ ಆಸುಪಾಸು ಎಂಬ ಅಂದಾಜಿದೆ. ಹಿಂದಿನ ತಳ 2019ರ ಡಿಸೆಂಬರ್‌ನಲ್ಲಿತ್ತು; ಆ ಒಂದೇ ವರ್ಷ 270ಕ್ಕೂ ಹೆಚ್ಚು ದಿನ ಸೂರ್ಯನ ಮುಖದ ಮೇಲೆ ಒಂದು ಕಲೆಯೂ ಇರಲಿಲ್ಲ. ಆ ವರ್ಷವೂ ಮಾತಾಡಿದವರ ಲೆಕ್ಕ ಬರೆಯುವ ನನ್ನ ಲಾಗ್ ಪುಸ್ತಕ ತುಂಬಿತ್ತು.

ಈ ಲೇಖನ ಬರೆಯಲು ಕಾರಣವಿದೆ. ಬ್ಯಾಂಡ್ ಸತ್ತಿದೆ ಎನ್ನುವವರಲ್ಲಿ ಬಹಳ ಮಂದಿ ಒಂದೇ ತಪ್ಪು ಮಾಡುತ್ತಿದ್ದಾರೆ, ಅದು ಕೆಲಸದ ಸರದಿಯ ತಪ್ಪು. ಮೊದಲು ಆಂಪ್ಲಿಫೈಯರ್ ಬೆಲೆ ವಿಚಾರಿಸುತ್ತಾರೆ, ಆಮೇಲೆ ಸೆಟ್ ಬದಲಿಸುತ್ತಾರೆ, ಆಂಟೆನಾ ಕಡೆಗೆ ಕೊನೆಯಲ್ಲಿ ನೋಡುತ್ತಾರೆ, ಮನೆಯೊಳಗಿನ ನಾಯ್ಸ್ (ವಿದ್ಯುತ್ ಉಪಕರಣಗಳು ಎಬ್ಬಿಸುವ ರೇಡಿಯೊ ಗದ್ದಲ) ವಿಷಯಕ್ಕೆ ಬರುವುದೇ ಇಲ್ಲ. ಸರದಿ ಇದಕ್ಕೆ ಪೂರ್ತಿ ತಿರುಗುಮುರುಗಾಗಬೇಕು. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ, ಒಂದು ಮುಗಿಯುವ ತನಕ ಮುಂದಿನದಕ್ಕೆ ಹೋಗಬೇಡಿ.

ಶುರು ಮಾಡುವ ಮೊದಲು ತಿಳಿದಿರಬೇಕಾದ್ದು

ಸೂರ್ಯನ ಚಟುವಟಿಕೆ ಇಳಿದಾಗ ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿ ರೇಡಿಯೊ ಅಲೆಯನ್ನು ಬಾಗಿಸುವ ವಿದ್ಯುದಾವೇಶದ ಪದರಗಳು) ಮೇಲಿನ ಎಫ್ ಪದರ ತೆಳುವಾಗುತ್ತದೆ. 28 ಮೆಗಾಹರ್ಟ್ಸ್‌ನ, ಅಂದರೆ 10 ಮೀಟರ್‌ನ ಅಲೆ ಅಲ್ಲಿ ಬಾಗಿ ಕೆಳಗೆ ಬರುವ ಬದಲು ಆಕಾಶಕ್ಕೆ ತೂರಿಹೋಗುತ್ತದೆ. ಅದೇ ಹೊತ್ತಿಗೆ ಹಗಲಲ್ಲಿ ಕೆಳಗಿನ ಬ್ಯಾಂಡ್‌ಗಳನ್ನು ಹೀರುವ ಡಿ ಪದರವೂ ಸೊರಗುತ್ತದೆ. ಅಂದರೆ 10 ಮತ್ತು 12 ಮೀಟರ್‌ನಲ್ಲಿ ಕಳೆದುಕೊಂಡದ್ದರಲ್ಲಿ ಒಂದು ಪಾಲು 40 ಮತ್ತು 80 ಮೀಟರ್‌ನಲ್ಲಿ ವಾಪಸ್ ಸಿಗುತ್ತದೆ.

ಇನ್ನೊಂದು ವಿಷಯ ನಮ್ಮ ಪಾಲಿಗೆ ದೊಡ್ಡದು. ಭೂಮಿಯ ಕಾಂತೀಯ ಸಮಭಾಜಕ ರೇಖೆ ನಮ್ಮ ದೇಶದ ದಕ್ಷಿಣದ ತುದಿಯ ಹತ್ತಿರ ಹಾದುಹೋಗುತ್ತದೆ. ಕರ್ನಾಟಕ ಅದಕ್ಕೆ ಸಮೀಪವಿರುವುದರಿಂದ ನಮ್ಮ ತಲೆಯ ಮೇಲಿನ ಅಯಾನುಗೋಳ ಯೂರೋಪಿನದಕ್ಕಿಂತ ದಟ್ಟ. ಇಂಗ್ಲೆಂಡಿನಲ್ಲಿ ಕೂತವರು "15 ಮೀಟರ್ ಸತ್ತಿದೆ" ಎಂದು ಬರೆದದ್ದನ್ನು ಓದಿ ಹಾಸನದಲ್ಲಿ ಕೂತವರು ಸೆಟ್ ಆಫ್ ಮಾಡಬೇಕಿಲ್ಲ. ತಳದ ವರ್ಷಗಳಲ್ಲೂ ನಮಗೆ 20 ಮೀಟರ್ ಪ್ರತಿದಿನ ತೆರೆಯುತ್ತದೆ, 15 ಮೀಟರ್ ಎಷ್ಟೋ ದಿನ ತೆರೆಯುತ್ತದೆ.

ಬೇಕಾಗುವ ಸಾಮಾನು

ಎಚ್‌ಎಫ್ ಸೆಟ್ (3ರಿಂದ 30 ಮೆಗಾಹರ್ಟ್ಸ್‌ನ ರೇಡಿಯೊ), 12 ವೋಲ್ಟ್‌ನ ಒಂದು ಬ್ಯಾಟರಿ, ಎಸ್‌ಡಬ್ಲ್ಯುಆರ್ ಮೀಟರ್ ಅಥವಾ ನ್ಯಾನೊ ವಿಎನ್‌ಎ (ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ವಾಪಸ್ ಬರುತ್ತಿದೆ ಎಂದು ತೋರಿಸುವವು; ಅಂಕಿ 1ಕ್ಕೆ ಹತ್ತಿರವಾದಷ್ಟೂ ವಾಪಸ್ ಬರುವುದು ಕಡಿಮೆ), 1.5 ಚದರ ಮಿಲಿಮೀಟರ್‌ನ ಮನೆ ವೈರಿಂಗ್ ತಂತಿ 35 ಮೀಟರ್, ಸಾಕಷ್ಟು ಉದ್ದದ ಕೋಆಕ್ಸ್ (ಸೆಟ್‌ನಿಂದ ಆಂಟೆನಾಗೆ ಹೋಗುವ ಕೇಬಲ್), ನೈಲಾನ್ ಹಗ್ಗ, ಒಂದು ಎಫ್‌ಟಿ240-31 ಅಥವಾ ಎಫ್‌ಟಿ240-43 ಫೆರೈಟ್ ಉಂಗುರ (ತಂತಿಯಲ್ಲಿ ಬೇಡದ ರೇಡಿಯೊ ಕರೆಂಟ್ ತಡೆಯುವ ಕಾಂತೀಯ ಉಂಗುರ), ಚಾರ್ಜರ್‌ಗಳಿಗೆ ಕ್ಲಿಪ್ ಮಾಡುವ ಕೆಲವು ಸಣ್ಣ ಫೆರೈಟ್‌ಗಳು, ನೀರು ನುಗ್ಗದಂತೆ ಸುತ್ತುವ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್, ಒಂದು ನೋಟ್‌ಬುಕ್. ಬೆಂಗಳೂರಿನವರಿಗೆ ಎಸ್‌ಪಿ ರೋಡ್‌ನಲ್ಲಿ ಅರ್ಧ ದಿನ ಓಡಾಡಿದರೆ ಬಹುಪಾಲು ಸಿಗುತ್ತದೆ. ಫೆರೈಟ್ ಮಾತ್ರ ನಂಬರ್ ನೋಡಿ ಕೊಳ್ಳಿ. ನಂಬರ್ ಇಲ್ಲದ ಉಂಗುರ ಯಾವ ಫ್ರೀಕ್ವೆನ್ಸಿಗೆ ಕೆಲಸ ಮಾಡುತ್ತದೆ ಎಂದು ಕಣ್ಣಿನಿಂದ ಹೇಳಲಾಗದು.

ಲೈಸೆನ್ಸ್ ಕಾಗದವನ್ನೂ ಒಮ್ಮೆ ತೆಗೆದು ಓದಿ. ನಿಮ್ಮ ದರ್ಜೆಗೆ ಯಾವ ಬ್ಯಾಂಡ್, ಎಷ್ಟು ವಾಟ್ ಎಂಬುದು ಅದರಲ್ಲಿದೆ. ಇದುವರೆಗೆ ಮೇಲಿನ ಬ್ಯಾಂಡ್‌ಗಳಲ್ಲೇ ಇದ್ದವರು ಕೆಳಗೆ ಇಳಿಯುವಾಗ ನಮ್ಮ 40 ಮೀಟರ್ 7.000ರಿಂದ 7.200 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ ಎಂಬುದನ್ನು ಮರೆಯುತ್ತಾರೆ. ಅಮೆರಿಕದವರು 7.300ರವರೆಗೆ ಮಾತಾಡುತ್ತಾರೆಂದು ನಾವು ಅಲ್ಲಿ ಉತ್ತರ ಕೊಡುವಂತಿಲ್ಲ.

ಹಂತ 1: ತಪ್ಪು ಸೂರ್ಯನದೋ, ನಿಮ್ಮ ಕೇಬಲ್‌ನದೋ?

ಇದಕ್ಕೆ ಇಪ್ಪತ್ತು ನಿಮಿಷ ಸಾಕು. ಸಂಜೆ ಏಳರ ಮೇಲೆ ಕೂತುಕೊಳ್ಳಿ.

1. ಸೆಟ್ ಅನ್ನು 40 ಮೀಟರ್‌ಗೆ ಹಾಕಿ, ಆಂಟೆನಾ ಕನೆಕ್ಟರ್ ಬಿಚ್ಚಿ, ನಾಯ್ಸ್ ಎಷ್ಟಿದೆ ನೋಡಿ. ಕನೆಕ್ಟರ್ ವಾಪಸ್ ಹಾಕಿದಾಗ ನಾಯ್ಸ್ ಸ್ಪಷ್ಟವಾಗಿ ಏರಬೇಕು. ಏರದಿದ್ದರೆ ಸೂರ್ಯನನ್ನು ಬಿಟ್ಟು ಕೋಆಕ್ಸ್ ಹಿಡಿಯಿರಿ. ಒಳಗಿನ ತಂತಿ ತುಂಡಾಗಿರಬಹುದು, ಕನೆಕ್ಟರ್‌ನ ಬೆಸುಗೆ ಬಿಟ್ಟಿರಬಹುದು.

2. 7.200 ದಾಟಿ ಮೇಲಕ್ಕೆ ತಿರುಗಿಸಿ. ಅಲ್ಲಿ ರಾತ್ರಿ ಹೊತ್ತು ಬೇರೆ ಬೇರೆ ದೇಶಗಳ ಪ್ರಸಾರ ಕೇಂದ್ರಗಳು ಗಟ್ಟಿಯಾಗಿ ಬರಬೇಕು. ಅವು ಸೂರ್ಯ ಎಷ್ಟೇ ಮಂಕಾಗಿದ್ದರೂ ಬರುತ್ತವೆ. ಅವೇ ತೆಳುವಾಗಿ ಕೇಳಿಸಿದರೆ ದೋಷ ನಿಮ್ಮ ಮನೆಯಲ್ಲಿದೆ.

3. ಇಂಟರ್‌ನೆಟ್ ಮೂಲಕ ಕೇಳಲು ಸಿಗುವ ಕಿವಿಎಸ್‌ಡಿಆರ್ ರಿಸೀವರ್‌ಗಳಲ್ಲಿ ನಿಮಗೆ ಹತ್ತಿರದ್ದೊಂದನ್ನು ತೆರೆದು ಅದೇ ಫ್ರೀಕ್ವೆನ್ಸಿ ಕೇಳಿ. ಅಲ್ಲಿ ಕೇಳಿಸುವುದು ನಿಮ್ಮಲ್ಲಿ ಕೇಳಿಸದಿದ್ದರೆ ನಾಯ್ಸ್ ಅಥವಾ ಆಂಟೆನಾ ಕಾರಣ. ಎರಡೂ ಕಡೆ ಖಾಲಿ ಇದ್ದರೆ ಮಾತ್ರ ಬ್ಯಾಂಡ್ ಮುಚ್ಚಿದೆ ಎನ್ನಿ.

ಸಾಮಾನ್ಯ ತಪ್ಪು: ಎಸ್‌ಡಬ್ಲ್ಯುಆರ್ 1.2 ಇದೆ, ಹಾಗಾಗಿ ಆಂಟೆನಾ ಸರಿಯಿದೆ ಎಂದುಕೊಳ್ಳುವುದು. ಮೊದಲು 7.1ರಲ್ಲಿ ಮಾತ್ರ ಕೆಳಗಿಳಿಯುತ್ತಿದ್ದ ಎಸ್‌ಡಬ್ಲ್ಯುಆರ್ ಈಗ ಎಲ್ಲ ಫ್ರೀಕ್ವೆನ್ಸಿಯಲ್ಲೂ ಚೆನ್ನಾಗಿ ಕಾಣುತ್ತಿದ್ದರೆ ಅದು ಅಪಾಯದ ಗುರುತು. ಕೋಆಕ್ಸ್ ಒಳಗೆ ಮಳೆನೀರು ಇಳಿದು ಶಕ್ತಿಯನ್ನೆಲ್ಲ ಕೇಬಲ್ಲೇ ನುಂಗುತ್ತಿದೆ. ಮೀಟರ್‌ಗೆ ವಾಪಸ್ ಬರುವುದು ಏನೂ ಉಳಿದಿಲ್ಲ. ಅಂಥ ಕೇಬಲ್ ಒಣಗಿಸಿ ಬಳಸಲು ಹೋಗಬೇಡಿ, ಬದಲಿಸಿ.

ಹಂತ 2: ಮನೆಯ ನಾಯ್ಸ್ ಇಳಿಸುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ. ಸೂರ್ಯ ಉಕ್ಕಿದ್ದಾಗ ಸಿಗ್ನಲ್‌ಗಳು ನಾಯ್ಸ್ ತುಳಿದುಕೊಂಡು ಬರುತ್ತಿದ್ದವು, ಹಾಗಾಗಿ ಯಾರಿಗೂ ಇದು ಕಾಣಲಿಲ್ಲ. ಈಗ ಸಿಗ್ನಲ್ ಇಳಿದಿದೆ, ಮನೆಯ ನಾಯ್ಸ್ ಮಾತ್ರ ಅಲ್ಲೇ ಇದೆ. ಮೇಲಾಗಿ ನಾವು ಇಳಿಯುತ್ತಿರುವ 40 ಮತ್ತು 80 ಮೀಟರ್‌ನಲ್ಲೇ ಚಾರ್ಜರ್, ಎಲ್‌ಇಡಿ ಬಲ್ಬುಗಳ ಗಲಾಟೆ ಹೆಚ್ಚು.

ಲೆಕ್ಕ ನೋಡಿ. ಸೆಟ್‌ನಲ್ಲಿ ಸಿಗ್ನಲ್‌ನ ಬಲ ತೋರಿಸುವ ಎಸ್ ಮೀಟರ್‌ನ ಒಂದು ಅಂಕ ಅಂದರೆ 6 ಡಿಬಿ (ಡೆಸಿಬೆಲ್, ಶಕ್ತಿ ಎಷ್ಟು ಪಟ್ಟು ಎಂಬುದರ ಅಳತೆ). ನಾಯ್ಸ್ ಎಸ್8ರಿಂದ ಎಸ್5ಕ್ಕೆ ಇಳಿದರೆ 18 ಡಿಬಿ ಲಾಭ. ನಿಮ್ಮನ್ನು ಕರೆಯುವ ಪ್ರತಿಯೊಬ್ಬರೂ ತಮ್ಮ ಶಕ್ತಿಯನ್ನು 60 ಪಟ್ಟು ಏರಿಸಿಕೊಂಡಷ್ಟು ಫಲ ಇದು. 100 ವಾಟ್‌ನಿಂದ 400 ವಾಟ್‌ಗೆ ಏರಿಸುವ ಆಂಪ್ಲಿಫೈಯರ್ ಕೊಡುವುದು ಬರೀ 6 ಡಿಬಿ, ಅದೂ ನೀವು ಕಳಿಸುವ ದಿಕ್ಕಿನಲ್ಲಿ ಮಾತ್ರ.

ಹುಡುಕುವ ವಿಧಾನ:

1. ಸೆಟ್ ಅನ್ನು ಬ್ಯಾಟರಿಗೆ ಜೋಡಿಸಿ 40 ಮೀಟರ್‌ನ ಖಾಲಿ ಜಾಗದಲ್ಲಿ ನಿಲ್ಲಿಸಿ. ಎಸ್ ಮೀಟರ್ ಓದಿ ಬರೆದುಕೊಳ್ಳಿ. ಕೇಳುವುದಕ್ಕೆ ಮಾತ್ರವಾದರೆ 7 ಆಂಪಿಯರ್ ಅವರ್‌ನ ಬ್ಯಾಟರಿ ಧಾರಾಳ ಸಾಕು.

2. ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಇಲ್ಲೇ ಬಹಳ ಜನ ಎಡವುತ್ತಾರೆ. ಕರೆಂಟ್ ಹೋಯಿತು ಎಂದು ಮನೆಯ ಯುಪಿಎಸ್ ಎದ್ದು ಕೂರುತ್ತದೆ, ಅದರ ಕೊರೆತ ಮೊದಲಿದ್ದ ನಾಯ್ಸ್‌ಗಿಂತ ಜೋರಾಗಿರುತ್ತದೆ. "ಮೇನ್ ಆಫ್ ಮಾಡಿದರೂ ನಾಯ್ಸ್ ಇದೆ, ಹೊರಗಿನದೇ" ಎಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಯುಪಿಎಸ್ ಅನ್ನು ಅದರದೇ ಸ್ವಿಚ್‌ನಿಂದ ಪೂರ್ತಿ ಆಫ್ ಮಾಡಿ.

3. ಈಗ ಎಸ್ ಮೀಟರ್ ಮತ್ತೆ ಓದಿ. ಇಳಿದಿದ್ದರೆ ಕಳ್ಳ ಮನೆಯೊಳಗೆ. ಇಳಿಯದಿದ್ದರೆ ಹೊರಗೆ.

4. ಮೇನ್ ಹಾಕಿ, ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಬನ್ನಿ. ಯಾವುದನ್ನು ಏರಿಸಿದಾಗ ನಾಯ್ಸ್ ಜಿಗಿಯಿತೋ ಆ ಸಾಲಿನ ಪ್ಲಗ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ತೆಗೆಯಿರಿ.

2019ರಲ್ಲಿ ನಮ್ಮ ಮನೆಯಲ್ಲಿ 40 ಮೀಟರ್ ಪೂರ್ತಿ ಎಸ್8 ಇತ್ತು. ಲೈನ್‌ನದೇ ತೊಂದರೆ ಎಂದು ನಾನು ವಾರಗಟ್ಟಲೆ ನಂಬಿದ್ದೆ. ಒಂದು ಭಾನುವಾರ ಹೀಗೆ ಹುಡುಕಿದಾಗ ಸಿಕ್ಕಿದ್ದು ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್. ಟಿವಿ ಆಫ್ ಇದ್ದರೂ ಅದು ದಿನವಿಡೀ ಬೆಚ್ಚಗೆ ಕೂತಿರುತ್ತಿತ್ತು. ಅದನ್ನು ಕಿತ್ತ ಕ್ಷಣ ಸ್ಪೀಕರ್‌ನಲ್ಲಿದ್ದ ಗರಗರ ನಿಂತು, ಅದರಡಿ ಹೂತುಹೋಗಿದ್ದ ಒಂದು ಸಣ್ಣ ಮೋರ್ಸ್ ಸಿಗ್ನಲ್ ಮೇಲೆ ಬಂತು. ಅಷ್ಟು ದಿನವೂ ಅಲ್ಲೇ ಯಾರೋ ಕರೆಯುತ್ತಿದ್ದಿರಬೇಕು ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದರ ಜಾಗಕ್ಕೆ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಕಾಲದ ಭಾರದ ಅಡಾಪ್ಟರ್ ಒಂದನ್ನು ಅದೇ ವೋಲ್ಟೇಜ್, ಅದೇ ಧ್ರುವ ನೋಡಿ ಹಾಕಿದೆ.

ಬದಲಿಸಲಾಗದ ಚಾರ್ಜರ್‌ಗಳ ತಂತಿಯನ್ನು ಫೆರೈಟ್ ಮೂಲಕ ಐದಾರು ಸುತ್ತು ಹಾಯಿಸಿ. ಒಂದು ಸುತ್ತು ಹಾಕಿ "ಫೆರೈಟ್‌ನಿಂದ ಏನೂ ಆಗಲಿಲ್ಲ" ಎನ್ನಬೇಡಿ. ಕೆಳಗಿನ ಬ್ಯಾಂಡ್‌ಗಳಲ್ಲಿ ಸುತ್ತುಗಳ ಸಂಖ್ಯೆಯೇ ಕೆಲಸ ಮಾಡುವುದು. ಛಾವಣಿಯಲ್ಲಿ ಸೋಲಾರ್ ಪ್ಯಾನೆಲ್ ಇದ್ದರೆ ಬಿಸಿಲಿನ ಹೊತ್ತು, ರಾತ್ರಿ ಹೊತ್ತು ಎರಡು ಬಾರಿ ಅಳೆಯಿರಿ. ಬಿಸಿಲಿದ್ದಾಗ ಮಾತ್ರ ಬರುವ ನಾಯ್ಸ್ ಚಾರ್ಜ್ ಕಂಟ್ರೋಲರ್ ಅಥವಾ ಇನ್ವರ್ಟರ್‌ನದು. ಪಕ್ಕದ ಮನೆಯಿಂದ ಬರುತ್ತಿದ್ದರೆ ಸಣ್ಣ ರೇಡಿಯೊ ಹಿಡಿದು ಅವರ ಬಾಗಿಲಿಗೆ ಹೋಗಿ, ಶಬ್ದವನ್ನು ಅವರಿಗೇ ಕೇಳಿಸಿ, ಫೆರೈಟ್ ನಿಮ್ಮ ಕೈಯಿಂದಲೇ ಕೊಡಿ. ದೂರು ಕೊಡುತ್ತೇನೆ ಎಂದು ಶುರು ಮಾಡಿದವರಿಗೆ ಕೆಲಸ ಆದದ್ದು ನಾನು ಕಂಡಿಲ್ಲ.

ಹಂತ 3: 40 ಮೀಟರ್‌ಗೊಂದು ನಿಯತ್ತಿನ ಆಂಟೆನಾ

ತಳದ ವರ್ಷಗಳಲ್ಲಿ ಒಂದೇ ಆಂಟೆನಾ ಕಟ್ಟಲು ಸಾಧ್ಯವೆಂದರೆ 40 ಮೀಟರ್‌ಗೆ ಕಟ್ಟಿ. ಎರಡನೆಯದು 20 ಮೀಟರ್‌ಗೆ.

ಡೈಪೋಲ್ ಅಂದರೆ ನಡುವೆ ಕೋಆಕ್ಸ್ ಸೇರುವ, ಎರಡು ಸಮ ತೋಳಿನ ತಂತಿ ಆಂಟೆನಾ. ಅದರ ಒಟ್ಟು ಉದ್ದ ಮೀಟರ್‌ಗಳಲ್ಲಿ ಬೇಕಾದರೆ 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ 20.14 ಮೀಟರ್ ಬರುತ್ತದೆ, ಒಂದೊಂದು ಕಡೆಗೆ 10.07. ಬೆಂಗಳೂರು, ಮೈಸೂರಿನ 30×40 ಸೈಟಿನ ಮನೆಯ ಮೂಲೆಯಿಂದ ಮೂಲೆಗೆ ಅಳೆದರೂ 15 ಮೀಟರ್‌ಗಿಂತ ಸ್ವಲ್ಪವೇ ಹೆಚ್ಚು. ನೇರವಾಗಿ ಎಳೆಯಲು ಜಾಗವಿಲ್ಲ ಎಂದು ಆಸೆ ಬಿಡುವವರು ಇಲ್ಲಿಯೇ. ನಡುವೆ ಒಂದು ಕಂಬ ನೆಟ್ಟು ಎರಡು ತೋಳುಗಳನ್ನೂ ತಲೆಕೆಳಗಾದ ವಿ ಆಕಾರದಲ್ಲಿ ಮೂಲೆಗಳ ಕಡೆಗೆ ಇಳಿಸಿ, ಉಳಿದ ಒಂದೆರಡು ಮೀಟರನ್ನು ತುದಿಯಲ್ಲಿ ಬಾಗಿಸಿ ಬಿಡಿ. ಬಾಗಿಸಿದ ತುದಿಯಿಂದ ನಷ್ಟ ತೀರಾ ಸಣ್ಣದು. ಎರಡು ತೋಳುಗಳ ನಡುವಿನ ಕೋನ ಮಾತ್ರ 90 ಡಿಗ್ರಿಗಿಂತ ಕಡಿಮೆಯಾಗದಿರಲಿ.

ಕ್ರಮ:

1. ಪ್ರತಿ ತೋಳಿಗೆ 10.3 ಮೀಟರ್ ಕತ್ತರಿಸಿ. ಉದ್ದ ಇದ್ದರೆ ಕತ್ತರಿಸಬಹುದು, ಗಿಡ್ಡ ಆದದ್ದನ್ನು ಎಳೆಯಲಾಗದು. ಪ್ಲಾಸ್ಟಿಕ್ ಹೊದಿಕೆಯ ತಂತಿ ಬರಿಯ ತಾಮ್ರಕ್ಕಿಂತ ಸ್ವಲ್ಪ ಗಿಡ್ಡದಲ್ಲೇ ಹೊಂದುತ್ತದೆ, ಹಾಗಾಗಿ ಸೂತ್ರದ ಉದ್ದವನ್ನೇ ಕೊನೆಯದೆಂದು ತಿಳಿಯಬೇಡಿ.

2. ನಡುವೆ ಫೀಡ್ ಜಾಗದಲ್ಲಿ, ಅಂದರೆ ಕೋಆಕ್ಸ್ ತೋಳುಗಳಿಗೆ ಸೇರುವಲ್ಲಿ, ಕೋಆಕ್ಸ್ ಅನ್ನು ಫೆರೈಟ್ ಉಂಗುರದ ಮೇಲೆ 10ರಿಂದ 12 ಸುತ್ತು ಸುತ್ತಿ ಚೋಕ್ ಮಾಡಿ. ಚೋಕ್ ಇಲ್ಲದಿದ್ದರೆ ಕೋಆಕ್ಸ್‌ನ ಹೊರಕವಚವೇ ಆಂಟೆನಾ ಆಗಿ, ಹಂತ 2ರಲ್ಲಿ ಓಡಿಸಿದ ಮನೆಯ ನಾಯ್ಸ್ ಹಿಂಬಾಗಿಲಿನಿಂದ ವಾಪಸ್ ಬರುತ್ತದೆ.

3. ಬೆಸುಗೆ ಹಾಕಿದ ಪ್ರತಿ ಜಾಗಕ್ಕೂ ಟೇಪ್ ಎಳೆದು ಬಿಗಿಯಾಗಿ ಸುತ್ತಿ. ಕೋಆಕ್ಸ್ ಕಿಟಕಿಯೊಳಗೆ ಬರುವ ಮೊದಲು ಕೆಳಕ್ಕೆ ಒಂದು ಜೋಲು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗಲಿ.

4. ಮೇಲಕ್ಕೇರಿಸಿ ಅಳೆಯಿರಿ. ಎಸ್‌ಡಬ್ಲ್ಯುಆರ್ ಅತಿ ಕಡಿಮೆ ಇರುವ ಫ್ರೀಕ್ವೆನ್ಸಿ 6.94 ಎಂದಿಟ್ಟುಕೊಳ್ಳಿ. ಈಗಿನ ಒಟ್ಟು ಉದ್ದ 20.6 ಅನ್ನು 6.94ರಿಂದ ಗುಣಿಸಿ 7.10ರಿಂದ ಭಾಗಿಸಿದರೆ 20.14. ಅಂದರೆ 46 ಸೆಂಟಿಮೀಟರ್ ತೆಗೆಯಬೇಕು, ಒಂದೊಂದು ಕಡೆ 23. ಮೊದಲು 15 ತೆಗೆದು ಮತ್ತೆ ಅಳೆಯಿರಿ.

5. ಇದೇ ಫೀಡ್ ಜಾಗಕ್ಕೆ 20 ಮೀಟರ್‌ಗಾಗಿ ತಲಾ 5.2 ಮೀಟರ್‌ನ ಇನ್ನೊಂದು ಜೋಡಿ ತಂತಿ ಸೇರಿಸಿ, ತುದಿಗಳನ್ನು 40ರ ತಂತಿಯಿಂದ ಕನಿಷ್ಠ ಅರ್ಧ ಮೀಟರ್ ದೂರ ಎಳೆದು ಕಟ್ಟಿ, ಅದನ್ನೂ ಹೀಗೇ ಕತ್ತರಿಸುತ್ತ ಬನ್ನಿ. ಮುಗಿದ ಮೇಲೆ 40 ಅನ್ನು ಮತ್ತೊಮ್ಮೆ ಅಳೆಯಿರಿ. 40 ಮೀಟರ್‌ನ ಡೈಪೋಲ್ ಟ್ಯೂನರ್ (ಆಂಟೆನಾವನ್ನು ಸೆಟ್‌ಗೆ ಹೊಂದಿಸುವ ಸಾಧನ) ಸಹಾಯದಿಂದ 15 ಮೀಟರ್‌ನಲ್ಲೂ ಕೆಲಸ ಮಾಡುತ್ತದೆ. ಹೀಗೆ ಒಂದು ಕಂಬದಲ್ಲಿ ಮೂರು ಬ್ಯಾಂಡ್ ಆಯಿತು.

ನೆಲದಿಂದ 10 ಮೀಟರ್ ಎತ್ತರದ ಕಂಬ 40 ಮೀಟರ್ ಅಲೆಗೆ ಕಾಲು ಭಾಗ ಮಾತ್ರ. ಆಗ ಸಿಗ್ನಲ್ ಹೆಚ್ಚಾಗಿ ನೆತ್ತಿಗೆ ಹೋಗಿ ಸುತ್ತಲಿನ ನೂರಾರು ಕಿಲೋಮೀಟರ್‌ಗೆ ಬೀಳುತ್ತದೆ. ರಾಜ್ಯದೊಳಗಿನ ಮಾತುಕತೆಗೆ ಇದು ಚೆನ್ನ. ಅದೇ ಎತ್ತರ 20 ಮೀಟರ್ ಅಲೆಗೆ ಅರ್ಧ, ಅಲ್ಲಿ ಸಿಗ್ನಲ್ ತಗ್ಗಿನ ಕೋನದಲ್ಲಿ ಹೊರಟು ದೂರ ಹೋಗುತ್ತದೆ. 40ರಲ್ಲಿಯೂ ದೂರ ಬೇಕು ಎನ್ನುವವರು ಮುಂದೆ ಯಾವಾಗಲಾದರೂ 10 ಮೀಟರ್ ಎತ್ತರದ ಒಂದು ವರ್ಟಿಕಲ್ (ನೆಟ್ಟಗೆ ನಿಲ್ಲುವ ಆಂಟೆನಾ) ಪ್ರಯತ್ನಿಸಿ. ಬುಡದ ಸುತ್ತ ಹರಡುವ ರೇಡಿಯಲ್ ತಂತಿಗಳಿಲ್ಲದ ವರ್ಟಿಕಲ್ ಅರ್ಧ ಆಂಟೆನಾ ಎಂಬುದನ್ನು ಮಾತ್ರ ಮರೆಯಬೇಡಿ.

ಮಲೆನಾಡು, ಕರಾವಳಿಯವರಿಗೆ ತೆಂಗು, ಅಡಿಕೆ ಮರಗಳೇ ಕಂಬ. ಮರ ಗಾಳಿಗೆ ತೂಗುತ್ತದೆ, ಬಿಗಿಯಾಗಿ ಕಟ್ಟಿದ ತಂತಿ ಮೊದಲ ಮಳೆಗಾಲದಲ್ಲೇ ಹರಿಯುತ್ತದೆ. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲಿಂದ ಇಳಿಸಿ ಕಲ್ಲೊಂದನ್ನು ತೂಗುಹಾಕಿ. ಮರ ತೂಗಿದಾಗ ಕಲ್ಲು ಏರಿ ಇಳಿಯುತ್ತದೆ, ತಂತಿ ಉಳಿಯುತ್ತದೆ. ತೋಟವಿದ್ದವರು 80 ಮೀಟರ್ ಬ್ಯಾಂಡ್‌ಗೆ 40 ಮೀಟರ್ ಉದ್ದದ ಡೈಪೋಲ್ ಕಟ್ಟದೆ ಬಿಡಬೇಡಿ, ಪೇಟೆಯವರಿಗೆ ಈ ಭಾಗ್ಯ ಇಲ್ಲ.

ಎಚ್ಚರಿಕೆ. ಕಂಬವೋ ತಂತಿಯೋ ಬಿದ್ದರೆ ವಿದ್ಯುತ್ ಲೈನಿಗೆ ತಾಗಬಹುದಾದ ಯಾವ ಜಾಗದಲ್ಲೂ ಆಂಟೆನಾ ಬೇಡ. ಒಬ್ಬರೇ ಕಂಬ ಎತ್ತಬೇಡಿ. ಡೈಪೋಲ್ ತುದಿಗಳಲ್ಲಿ ಪ್ರಸಾರದ ಹೊತ್ತು ವೋಲ್ಟೇಜ್ ಹೆಚ್ಚು. ಛಾವಣಿಯಲ್ಲಿ ಬಟ್ಟೆ ಒಣಹಾಕಲು ಬರುವವರ ಕೈಗೆ, ಮಕ್ಕಳ ಕೈಗೆ ಎಟುಕದಷ್ಟು ಮೇಲೆ ಕಟ್ಟಿ. ಗುಡುಗು ಕೇಳಿಸುವ ಮೊದಲೇ ಕೋಆಕ್ಸ್ ಬಿಚ್ಚಿ ಹೊರಗಿಡುವ ಅಭ್ಯಾಸ ಮಾಡಿಕೊಳ್ಳಿ. ಗುಡುಗು ಶುರುವಾದ ಮೇಲೆ ಬಿಚ್ಚಲು ಹೋಗುವುದೇ ಅಪಾಯ.

ಹಂತ 4: ಗಡಿಯಾರಕ್ಕೆ ಹೊಂದಿಕೊಳ್ಳುವುದು

ಉಕ್ಕಿನ ವರ್ಷಗಳಲ್ಲಿ ಯಾವಾಗ ಕೂತರೂ ಯಾವುದೋ ಬ್ಯಾಂಡ್ ತೆರೆದಿರುತ್ತಿತ್ತು. ಈಗ ಹೊತ್ತು ನೋಡಿ ಕೂರಬೇಕು. ಲಾಗ್ ಯುಟಿಸಿಯಲ್ಲಿ ಬರೆಯಿರಿ, ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದರೆ ಅದು.

ಬೆಳಗಿನ ಜಾವದಿಂದ ಸೂರ್ಯ ಹುಟ್ಟಿ ಅರ್ಧ ಗಂಟೆಯವರೆಗೆ 40 ಮೀಟರ್‌ನಲ್ಲಿ ಪಶ್ಚಿಮಕ್ಕೆ ಕಿವಿಗೊಡಿ. ನಮಗೆ ಬೆಳಕಾಗುವಾಗ ಆಫ್ರಿಕ, ಯೂರೋಪ್ ಇನ್ನೂ ಕತ್ತಲಲ್ಲಿರುತ್ತವೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವಕ್ಕೆ ತಿರುಗಿ, ಜಪಾನ್, ಇಂಡೊನೇಷ್ಯ, ಆಸ್ಟ್ರೇಲಿಯಾ ಅಷ್ಟರಲ್ಲಿ ಕತ್ತಲಿಗೆ ಜಾರಿರುತ್ತವೆ. ಇಡೀ ದಾರಿ ಕತ್ತಲಲ್ಲಿದ್ದಾಗ ಅಥವಾ ನೀವು ಕತ್ತಲು ಬೆಳಕಿನ ಅಂಚಿನಲ್ಲಿದ್ದಾಗ ಕೆಳಗಿನ ಬ್ಯಾಂಡ್ ಚೆನ್ನಾಗಿ ಓಡುತ್ತದೆ. ಈ ಕಿಟಕಿ ಕೆಲವೊಮ್ಮೆ ಇಪ್ಪತ್ತು ನಿಮಿಷಕ್ಕೇ ಮುಚ್ಚುತ್ತದೆ. ಕಾಫಿ ಮುಗಿಸಿ ಬಂದರೆ ಮುಗಿಯಿತು.

20 ಮೀಟರ್‌ಗೆ ಇಳಿಹೊತ್ತಿನಿಂದ ರಾತ್ರಿಯ ಮೊದಲ ಭಾಗದವರೆಗೆ ಕೂರಿ, ಯೂರೋಪ್ ಆಗ ಸಿಗುತ್ತದೆ. ತಳದ ವರ್ಷಗಳಲ್ಲಿ ರಾತ್ರಿ ಆಗುತ್ತಿದ್ದಂತೆ ಅದು ಬೇಗ ಮುಚ್ಚುವುದರಿಂದ ಊಟದ ನಂತರ ನೋಡೋಣ ಎಂದರೆ ತಡವಾಗಬಹುದು. 15 ಮೀಟರ್ ಅನ್ನು ನಡುಹಗಲು, ಮಧ್ಯಾಹ್ನ ಕೇಳಿ.

ಬಹಳ ಮಂದಿಗೆ ಗೊಂದಲ ಹುಟ್ಟಿಸುವ ಒಂದು ಸಂಗತಿ. ಬೆಳಿಗ್ಗೆ ಆರೂವರೆಗೆ 40 ಮೀಟರ್‌ನಲ್ಲಿ ದೆಹಲಿ ಕೇಳಿಸುತ್ತಿದೆ, ಮೈಸೂರಿನ ಗೆಳೆಯ ಬೆಂಗಳೂರಿಗೆ ಕೇಳಿಸುತ್ತಿಲ್ಲ. ಆಂಟೆನಾ ಹಾಳಾಗಿಲ್ಲ. ನೆತ್ತಿಯ ಪದರ ಬೆಳಗಿನ ಜಾವ ತುಂಬ ಬಡವಾಗಿ, ನೇರ ಮೇಲೆ ಹೋದ 7 ಮೆಗಾಹರ್ಟ್ಸ್ ತೂರಿಹೋಗುತ್ತಿದೆ, ಓರೆಯಾಗಿ ಹೋದದ್ದು ಮಾತ್ರ ಬಾಗಿ ದೂರ ಬೀಳುತ್ತಿದೆ. ಇಬ್ಬರೂ 80 ಮೀಟರ್‌ಗೆ ಇಳಿಯಿರಿ, ಅಥವಾ ಬಿಸಿಲೇರುವ ತನಕ ಕಾಯಿರಿ.

ತಿಂಗಳು ಕೂಡ ಮುಖ್ಯ. ಕೆಳಗಿನ ಬ್ಯಾಂಡ್‌ಗಳ ನಮ್ಮ ಹಂಗಾಮು ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಏಪ್ರಿಲ್, ಮೇಯಲ್ಲಿ ಮುಂಗಾರು ಪೂರ್ವದ ಗುಡುಗು ಮಿಂಚಿನ ಚಟಪಟ 80 ಮೀಟರ್ ಅನ್ನು ಕೇಳಲಾಗದಂತೆ ಮಾಡುತ್ತದೆ. ಹೊಸದಾಗಿ 80ಕ್ಕೆ ಬಂದು ಮೇ ತಿಂಗಳಲ್ಲಿ ಬೇಸತ್ತು ಬಿಟ್ಟುಹೋದವರನ್ನು ಕಂಡಿದ್ದೇನೆ. ಅವರು ಡಿಸೆಂಬರ್‌ನಲ್ಲಿ ಬಂದಿದ್ದರೆ ಉಳಿದುಕೊಳ್ಳುತ್ತಿದ್ದರು.

ಸೂರ್ಯನ ಅಂಕಿಗಳನ್ನು ಎಷ್ಟು ನೋಡಬೇಕು? ಕೆನಡಾದ ಪೆಂಟಿಕ್ಟನ್‌ನಲ್ಲಿ 10.7 ಸೆಂಟಿಮೀಟರ್ ತರಂಗದಲ್ಲಿ ಅಳೆಯುವ ಸೋಲಾರ್ ಫ್ಲಕ್ಸ್ ಉಕ್ಕಿನಲ್ಲಿ 200 ದಾಟುತ್ತದೆ, ತಳದಲ್ಲಿ 65ರಿಂದ 70ರ ಹತ್ತಿರ ನಿಲ್ಲುತ್ತದೆ. ಅದು 70 ಇದೆ ಎಂದು ಪ್ರತಿದಿನ ನೋಡಿ ಕೊರಗುವುದರಲ್ಲಿ ಪ್ರಯೋಜನವಿಲ್ಲ. ಭೂಮಿಯ ಕಾಂತಕ್ಷೇತ್ರದ ಕಲಕಾಟ ಅಳೆಯುವ ಕೆ ಸೂಚ್ಯಂಕ ನೋಡಿ. ಅದು 0ರಿಂದ 2 ಇರುವ ರಾತ್ರಿಗಳಲ್ಲಿ ಭೂಮಿಯ ಕಾಂತಕ್ಷೇತ್ರ ಶಾಂತವಾಗಿರುತ್ತದೆ, ಉತ್ತರ ಧ್ರುವದ ಕಡೆಯಿಂದ ಅಮೆರಿಕಕ್ಕೆ ಹೋಗುವ ದಾರಿಗೆ ಅದೇ ಬೇಕು. ಇಂಥ ಶಾಂತ ರಾತ್ರಿಗಳು ತಳದ ವರ್ಷಗಳಲ್ಲೇ ಹೆಚ್ಚು.

ಹಂತ 5: ಕರೆಯುವ ಮೊದಲು ಬೀಕನ್ ಕೇಳಿ

14.100 ಮೆಗಾಹರ್ಟ್ಸ್‌ಗೆ ಹಾಕಿ, ಸಿಡಬ್ಲ್ಯು (ಮೋರ್ಸ್) ಮೋಡ್ ಇಟ್ಟು ಸುಮ್ಮನೆ ಕೂರಿ. ಜಗತ್ತಿನ 18 ಜಾಗಗಳ ಬೀಕನ್‌ಗಳು (ತಾವಾಗಿಯೇ ಗುರುತು ಕಳಿಸುವ ಪ್ರಸಾರಕಗಳು) ಮೂರು ನಿಮಿಷದ ಸುತ್ತಿನಲ್ಲಿ ತಲಾ 10 ಸೆಕೆಂಡ್ ಸರದಿಯಂತೆ ಇಲ್ಲಿ ಬರುತ್ತವೆ. ಪ್ರತಿಯೊಂದೂ ತನ್ನ ಗುರುತಿನ ಹೆಸರಾದ ಕಾಲ್‌ಸೈನ್ ಅನ್ನು ಮೋರ್ಸ್‌ನಲ್ಲಿ ಹೇಳಿ, ನಾಲ್ಕು ಉದ್ದ ಗೆರೆಗಳನ್ನು ಕಳಿಸುತ್ತದೆ. ಕಾಲ್‌ಸೈನ್ ಮತ್ತು ಮೊದಲ ಗೆರೆ 100 ವಾಟ್, ಎರಡನೆಯದು 10, ಮೂರನೆಯದು 1, ನಾಲ್ಕನೆಯದು ವಾಟ್‌ನ ಹತ್ತನೇ ಒಂದು ಭಾಗ.

ಮೋರ್ಸ್ ಬಾರದಿದ್ದರೂ ಗಡಿಯಾರ ನೋಡಿ ಗುರುತಿಸಬಹುದು. ಗಂಟೆ ಶುರುವಾದ 1 ನಿಮಿಷ 30 ಸೆಕೆಂಡಿಗೆ ಕೊಲಂಬೊದ 4ಎಸ್7ಬಿ, 1:40ಕ್ಕೆ ದಕ್ಷಿಣ ಆಫ್ರಿಕ, 1:50ಕ್ಕೆ ಕೆನ್ಯಾ, 2:00ಕ್ಕೆ ಇಸ್ರೇಲ್, 2:10ಕ್ಕೆ ಫಿನ್ಲೆಂಡ್. ಮೂರು ನಿಮಿಷಕ್ಕೊಮ್ಮೆ ಇದೇ ಸುತ್ತು. ಕೆಲವು ಬೀಕನ್‌ಗಳು ಆಗಾಗ ರಿಪೇರಿಗೆಂದು ಮೌನವಾಗಿರುತ್ತವೆ, ಹಾಗಾಗಿ ಒಂದು ಕೇಳಿಸಲಿಲ್ಲ ಎಂದು ಆ ದಿಕ್ಕನ್ನೇ ಬಿಡಬೇಡಿ.

ಸಂಜೆ ಐದರ ಹೊತ್ತಿಗೆ ಕಣ್ಣು ಮುಚ್ಚಿ ಕೇಳಿದರೆ ಇದು ಹೀಗಿರುತ್ತದೆ: ನಾಯ್ಸ್‌ನ ಮೇಲೆ ಕಾಲ್‌ಸೈನ್ ತಟತಟನೆ ಬರುತ್ತದೆ, ಮೊದಲ ಗೆರೆ ನಿಚ್ಚಳ, ಎರಡನೆಯದು ಸಣ್ಣಗೆ, ಮೂರನೆಯದು ಇದೆಯೋ ಇಲ್ಲವೋ ಎಂದು ಉಸಿರು ಹಿಡಿದು ಕೇಳುವಂತೆ, ನಾಲ್ಕನೆಯದು ಇಲ್ಲ. ಮೂರನೇ ಗೆರೆ ಸಿಕ್ಕ ದಿನ ಆ ದಿಕ್ಕಿಗೆ ಒಂದೇ ವಾಟ್ ಸಾಕಾಗಿದೆ ಎಂದರ್ಥ. ನಿಮ್ಮಲ್ಲಿರುವುದು 50 ವಾಟ್. ಇನ್ನು ಕರೆಯಿರಿ.

ಫಿನ್ಲೆಂಡ್ ಕೇಳಿಸಿ ಕೊಲಂಬೊ ಕೇಳಿಸದಿದ್ದರೆ ಗಾಬರಿ ಬೇಡ. ಬೆಂಗಳೂರಿನಿಂದ ಕೊಲಂಬೊ ಸುಮಾರು 700 ಕಿಲೋಮೀಟರ್ ಅಷ್ಟೆ, ಬಡವಾದ ಪದರದಲ್ಲಿ 14 ಮೆಗಾಹರ್ಟ್ಸ್ ಅಷ್ಟು ಹತ್ತಿರ ಬಾಗಿ ಬೀಳುವುದಿಲ್ಲ. ಇದೇ ಬೀಕನ್‌ಗಳು 18.110, 21.150, 24.930, 28.200ರಲ್ಲೂ ಇವೆ. ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ನೋಡುತ್ತ ಹೋದರೆ ಆ ಹೊತ್ತಿನ ಮೇಲಿನ ಮಿತಿ ಎಲ್ಲಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹಂತ 6: ಮೋಡ್ ಬದಲಿಸುವುದು

ಮಾತಿಗೆ 2.4 ಕಿಲೋಹರ್ಟ್ಸ್ ಅಗಲ ಬೇಕು. ಮೋರ್ಸ್‌ಗೆ 250ರಿಂದ 500 ಹರ್ಟ್ಸ್ ಸಾಕು. ಅಷ್ಟಕ್ಕೇ ಸುಮಾರು 7ರಿಂದ 10 ಡಿಬಿಯ ಲಾಭ. ಪರೀಕ್ಷೆಗೆಂದು ಕಲಿತು ಮರೆತವರು ದಿನಕ್ಕೆ ಹದಿನೈದು ನಿಮಿಷ ಮತ್ತೆ ಹಚ್ಚಿ. ತಳದ ವರ್ಷಗಳಲ್ಲಿ ಕೈಗೆ ಬಂದ ಮೋರ್ಸ್ ಮುಂದಿನ ಉಕ್ಕಿನಲ್ಲೂ ಜೊತೆಗಿರುತ್ತದೆ. ನನ್ನ ಮಟ್ಟಿಗೆ ಹವ್ಯಾಸದಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟದ್ದೂ ಅದೇ.

ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8 ಮೋಡ್ ಅನ್ನು ನೊಬೆಲ್ ಪ್ರಶಸ್ತಿ ಪಡೆದ ಖಭೌತ ವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಬಿಡುಗಡೆ ಮಾಡಿದರು. 15 ಸೆಕೆಂಡಿನ ಸರದಿ, 50 ಹರ್ಟ್ಸ್ ಅಗಲ, ಕಿವಿಗೆ ಕೇಳಿಸದ ಸಿಗ್ನಲನ್ನೂ ಓದುತ್ತದೆ. 40ರಲ್ಲಿ 7.074, 20ರಲ್ಲಿ 14.074. ಇದನ್ನು ಹಾಕಿಕೊಂಡೂ ಸೋಲುವವರ ತಪ್ಪುಗಳು ಇವು:

1. ಕಂಪ್ಯೂಟರ್ ಗಡಿಯಾರ ತಪ್ಪು. ಒಂದು ಸೆಕೆಂಡಿಗಿಂತ ಹೆಚ್ಚು ಆಚೀಚೆ ಇದ್ದರೆ ಪರದೆಯಲ್ಲಿ ಸಿಗ್ನಲ್ ಕಾಣುತ್ತದೆ, ಅಕ್ಷರ ಮೂಡುವುದಿಲ್ಲ. ಮೊದಲು ಇದನ್ನೇ ನೋಡಿ.

2. ಲೋವರ್ ಸೈಡ್‌ಬ್ಯಾಂಡ್‌ನಲ್ಲಿ ಇಡುವುದು. 40 ಮೀಟರ್‌ನಲ್ಲಿ ಮಾತಿಗೆ ಲೋವರ್ ಬಳಸಿ ಅಭ್ಯಾಸವಾದವರಿಗೆ ಆಗುತ್ತದೆ. ಎಫ್‌ಟಿ8ಕ್ಕೆ ಎಲ್ಲ ಬ್ಯಾಂಡ್‌ನಲ್ಲೂ ಅಪ್ಪರ್.

3. ಆಡಿಯೊ ಜಾಸ್ತಿ ಕೊಡುವುದು. ಆಡಿಯೊ ಮಿತಿ ಮೀರಿದ್ದನ್ನು ತೋರಿಸುವ ಎಎಲ್‌ಸಿ ಸೂಜಿ ಮಿಸುಕಾಡದಷ್ಟಕ್ಕೆ ಇಳಿಸಿ. ಹೆಚ್ಚಾದರೆ ನಿಮ್ಮ ಸಿಗ್ನಲ್ ಮೂರು ನಾಲ್ಕು ಜಾಗದಲ್ಲಿ ಒಟ್ಟಿಗೆ ಕಾಣಿಸಿ ಬೇರೆಯವರಿಗೆ ತೊಂದರೆ.

4. ಸೆಟ್‌ನ ಪೂರ್ತಿ ಶಕ್ತಿ ಬಳಸುವುದು. ಎಫ್‌ಟಿ8 ಸುಮಾರು 13 ಸೆಕೆಂಡ್ ನಿಲ್ಲದೆ ಪ್ರಸಾರ ಮಾಡುತ್ತದೆ, ಮಾತಿನ ಹಾಗೆ ನಡುವೆ ಬಿಡುವಿಲ್ಲ. 100 ವಾಟ್ ಸೆಟ್ ಅನ್ನು 30ರಿಂದ 40ಕ್ಕೆ ಇಳಿಸಿ. ಸೆಟ್‌ನ ಬೆನ್ನು ಕೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ.

5. ಕಂಪ್ಯೂಟರ್‌ನ ಟಣ್ ಶಬ್ದಗಳು ಬ್ಯಾಂಡ್‌ಗೆ ಹೋಗುವುದು. ಸಿಸ್ಟಂ ಶಬ್ದಗಳನ್ನು ಬೇರೆ ಸೌಂಡ್ ಕಾರ್ಡ್‌ಗೆ ಹಾಕಿ ಅಥವಾ ಆಫ್ ಮಾಡಿ.

ಎರಡು ಬಾರಿ ಸಿಕ್ಯೂ (ಯಾರಾದರೂ ಉತ್ತರ ಕೊಡಿ ಎಂಬ ಕರೆ) ಕರೆದು ಇಂಟರ್‌ನೆಟ್‌ನಲ್ಲಿ ಪಿಎಸ್‌ಕೆ ರಿಪೋರ್ಟರ್ ನಕ್ಷೆ ನೋಡಿ. ಯಾರೂ ಉತ್ತರ ಕೊಡದಿದ್ದರೂ ನಿಮ್ಮನ್ನು ಯಾರು ಕೇಳಿಸಿಕೊಂಡರು ಎಂದು ಅಲ್ಲಿ ಕಾಣುತ್ತದೆ. ಸತ್ತಿದೆ ಎಂದುಕೊಂಡ ಬ್ಯಾಂಡ್‌ನಲ್ಲಿ ನಿಮ್ಮ ಸಿಗ್ನಲ್ ಮೂರು ದೇಶಕ್ಕೆ ತಲುಪಿರುವುದು ಗೊತ್ತಾದ ಮೇಲೆ ಬೇಸರಕ್ಕೆ ಕಾರಣ ಉಳಿಯುವುದಿಲ್ಲ.

ಹಂತ 7: ಆಮೇಲಷ್ಟೇ ಶಕ್ತಿಯ ಮಾತು

ಮೇಲಿನ ಆರೂ ಮುಗಿದಿದ್ದರೆ, ಲೈಸೆನ್ಸ್ ಒಪ್ಪಿದರೆ, ಆಗ ಆಂಪ್ಲಿಫೈಯರ್ ಯೋಚಿಸಿ. ಅದಕ್ಕೂ ಮೊದಲು ಉದ್ದ ಕೋಆಕ್ಸ್ ಇದ್ದರೆ ಅದನ್ನು ನೋಡಿ: 30 ಮೀಟರ್ ಆರ್‌ಜಿ-58 ಕೇಬಲ್ 14 ಮೆಗಾಹರ್ಟ್ಸ್‌ನಲ್ಲಿ ಸುಮಾರು ಒಂದೂವರೆ ಡಿಬಿ ತಿನ್ನುತ್ತದೆ. ದಪ್ಪ ಕೇಬಲ್ ಹಾಕುವ ಖರ್ಚು ಆಂಪ್ಲಿಫೈಯರ್‌ನ ಮುಂದೆ ಏನೂ ಅಲ್ಲ, ಲಾಭ ಬರುವಾಗಲೂ ಉಂಟು ಹೋಗುವಾಗಲೂ ಉಂಟು.

ಎಲ್ಲ ಮುಚ್ಚಿದ ದಿನ

ಉಪಗ್ರಹಗಳಿಗೆ ಅಯಾನುಗೋಳದ ಹಂಗಿಲ್ಲ. ಬಾಹ್ಯಾಕಾಶ ನಿಲ್ದಾಣದ 145.800 ಮೆಗಾಹರ್ಟ್ಸ್ ಅನ್ನು ಸಾಮಾನ್ಯ ಕೈ ಸೆಟ್‌ನಲ್ಲೇ ಕೇಳಬಹುದು. 26 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತಿರುವ, ಹ್ಯಾಮ್‌ಗಳು ಬಳಸುವ ಉಪಗ್ರಹ ಕ್ಯುಒ-100 ಬೆಂಗಳೂರಿನಿಂದ ಪಶ್ಚಿಮಕ್ಕೆ, ನೆಲದಿಂದ ಸುಮಾರು 30 ಡಿಗ್ರಿ ಮೇಲೆ ಯಾವಾಗಲೂ ಇರುತ್ತದೆ. ಹಳೆಯ ಡಿಟಿಎಚ್ ಡಿಶ್, ಒಂದು ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂರುವ ಸಿಗ್ನಲ್ ಹಿಡಿಯುವ ಭಾಗ), ಕಂಪ್ಯೂಟರ್‌ಗೆ ಚುಚ್ಚುವ ಎಸ್‌ಡಿಆರ್ ರಿಸೀವರ್ ಇದ್ದರೆ ಅದರ 10 ಗಿಗಾಹರ್ಟ್ಸ್ ಸಿಗ್ನಲ್ ಕೇಳಿಸುತ್ತದೆ. ಮೇಯಿಂದ ಆಗಸ್ಟ್‌ವರೆಗೆ 10 ಮೀಟರ್ ಮತ್ತು 6 ಮೀಟರ್ ಅನ್ನು ಪೂರ್ತಿ ಮರೆಯಬೇಡಿ. ಸ್ಪೊರಾಡಿಕ್ ಇ ಎಂಬ ಅಯಾನುಗೋಳದ ತೆಳು ಮೋಡಗಳು ಸೂರ್ಯನ ಕಲೆಗಳಿಗೆ ಕಾಯುವುದಿಲ್ಲ, ಇದ್ದಕ್ಕಿದ್ದಂತೆ ಬಂದು ಒಂದೆರಡು ಗಂಟೆ ನಿಂತು ಹೋಗುತ್ತವೆ.

ಈ ಗುರುತು ಕಂಡರೆ ನಿಲ್ಲಿಸಿ ನೋಡಿ

ಎಲ್ಲರೂ ಕೇಳಿಸುತ್ತಾರೆ, ಯಾರಿಗೂ ನೀವು ಕೇಳಿಸುವುದಿಲ್ಲ: ಪವರ್ ಮೀಟರ್ ಅನ್ನು ಕೋಆಕ್ಸ್‌ನ ಆಂಟೆನಾ ತುದಿಯಲ್ಲಿಟ್ಟು ಅಳೆಯಿರಿ. ಯಾರೂ ಕೇಳಿಸುವುದಿಲ್ಲ, ಆದರೆ ನಕ್ಷೆಯಲ್ಲಿ ನೀವು ಎಲ್ಲರಿಗೂ ಕೇಳಿಸಿದ್ದೀರಿ: ಹಂತ 2ಕ್ಕೆ ವಾಪಸ್ ಹೋಗಿ. ಮಳೆ ಬಂದಾಗ ಎಸ್‌ಡಬ್ಲ್ಯುಆರ್ ಬದಲಾಗಿ ಒಣಗಿದಾಗ ಸರಿಹೋಗುತ್ತದೆ: ಜಾಯಿಂಟ್‌ನಲ್ಲಿ ನೀರು, ಪೂರ್ತಿ ಕೇಬಲ್‌ಗೆ ಇಳಿಯುವ ಮೊದಲೇ ಬಿಚ್ಚಿ. ಪ್ರಸಾರ ಮಾಡಿದಾಗ ಮೈಕ್ ಚುರುಕ್ ಎನ್ನುತ್ತದೆ ಅಥವಾ ಮನೆಯ ಎಲ್‌ಇಡಿ ಮಿಣುಕುತ್ತದೆ: ಚೋಕ್ ಕೆಲಸ ಮಾಡುತ್ತಿಲ್ಲ. ಹಗಲಲ್ಲಿ ಎಲ್ಲ ಬ್ಯಾಂಡ್ ಒಟ್ಟಿಗೆ ತಟ್ಟನೆ ಸತ್ತು ಒಂದು ಗಂಟೆಯಲ್ಲಿ ವಾಪಸ್ ಬರುತ್ತದೆ: ಸೌರಜ್ವಾಲೆ. ತಳದ ವರ್ಷಗಳಲ್ಲಿ ಅಪರೂಪ, ಏನೂ ಮಾಡುವುದು ಬೇಡ.

ಇಷ್ಟೆಲ್ಲದರ ಜೊತೆ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ಯುಟಿಸಿ ಸಮಯ, ಬ್ಯಾಂಡ್, ನಾಯ್ಸ್ ಎಷ್ಟು, ಯಾವ ಬೀಕನ್‌ನ ಎಷ್ಟನೇ ಗೆರೆಯವರೆಗೆ ಕೇಳಿಸಿತು. ಒಂದು ತಿಂಗಳಾದ ಮೇಲೆ ನಿಮ್ಮ ಮನೆಯಿಂದ ಯಾವ ದಿಕ್ಕು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದು ಆ ಮೂವತ್ತು ಸಾಲಿನಲ್ಲಿ ಕಾಣುತ್ತದೆ. ನನಗೆ ಫೋನ್ ಮಾಡುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ. ಮೊದಲ ಪ್ರಶ್ನೆ ಅದರಿಂದಲೇ ಕೇಳುತ್ತೇನೆ.